ವೆರೋನಾದ ಅಟ್ಟ, ಶಂಕರಪುರದ ಭರಣಿ: ಒಂದು ಕೆಂಪು ವೈನಿನ ಭೌತಶಾಸ್ತ್ರ

ಉಡುಪಿ ಜಿಲ್ಲೆಯ ಕಟಪಾಡಿಯಿಂದ ಶಿರ್ವದ ಕಡೆಗೆ ಹೊರಟರೆ ದಾರಿಯಲ್ಲಿ ಶಂಕರಪುರ ಸಿಗುತ್ತದೆ. ಊರಿನ ಹೆಸರು ಕೇಳಿದೊಡನೆ ನಿಮಗೆ ಮಲ್ಲಿಗೆಯ ನೆನಪಾಗುವುದು ಸಹಜ. ಆದರೆ ಡಿಸೆಂಬರ್ ಬಂತೆಂದರೆ ಈ ಸೀಮೆಯ ಅನೇಕ ಕ್ರೈಸ್ತ ಮನೆಗಳ ಒಳಕೋಣೆಯಲ್ಲಿ ಇನ್ನೊಂದು ಪರಿಮಳವೂ ಇರುತ್ತದೆ. ಉಪ್ಪಿನಕಾಯಿಗೆ ಬಳಸುವಂಥ ದೊಡ್ಡ ಪಿಂಗಾಣಿ ಭರಣಿ, ಬಾಯಿಗೆ ಕಟ್ಟಿದ ಬಟ್ಟೆ, ಒಳಗೆ ಗುಳುಗುಳು ಸದ್ದು. ಕ್ರಿಸ್ಮಸ್‌ನ ಕುಸ್ವಾರ್ ತಿಂಡಿಗಳ ಜೊತೆ ಸಣ್ಣ ಲೋಟದಲ್ಲಿ ಕೊಡುವ ದ್ರಾಕ್ಷಿ ವೈನ್ ತಯಾರಾಗುವುದು ಹೀಗೆ.

ಇಲ್ಲಿಂದ ಏಳು ಸಾವಿರ ಕಿಲೋಮೀಟರಿನಷ್ಟು ದೂರದಲ್ಲಿ, ಉತ್ತರ ಇಟಲಿಯ ವೆರೋನಾ ನಗರದ ಪಕ್ಕದ ವಾಲ್ಪೊಲಿಚೆಲ್ಲಾ ಗುಡ್ಡಗಳಲ್ಲಿ, ಅದೇ ಡಿಸೆಂಬರಿನಲ್ಲಿ ಸಣ್ಣ ಕುಟುಂಬಗಳ ತೋಟದ ಮನೆಗಳವರು ಅಟ್ಟದಿಂದ ಬಾಡಿದ ದ್ರಾಕ್ಷಿಗೊಂಚಲುಗಳನ್ನು ಕೆಳಗಿಳಿಸುತ್ತಾರೆ. ಅವರು ಮಾಡುವ ಕೆಂಪು ವೈನಿನ ಹೆಸರು ಅಮರೋನೆ. ಎರಡೂ ಕಡೆ ನಡೆಯುವುದು ಒಂದೇ ರಾಸಾಯನಿಕ ಕ್ರಿಯೆ, ಆದರೆ ದಾರಿಗಳು ತದ್ವಿರುದ್ಧ. ಆ ವ್ಯತ್ಯಾಸಕ್ಕೆ ಕಾರಣವೇನೆಂದು ಲೆಕ್ಕ ಹಾಕಿ ನೋಡುವುದು ಈ ಲೇಖನದ ಉದ್ದೇಶ. ಲೆಕ್ಕದ ಕೊನೆಯಲ್ಲಿ ಜೀವಕ್ಕೆ ಸಂಬಂಧಿಸಿದ ಎರಡು ಸಂಗತಿಗಳೂ ಬರುತ್ತವೆ.

ಮೊದಲು ಇಟಲಿಯ ವಿಧಾನ. ಕೊರ್ವೀನಾ, ಕೊರ್ವಿನೋನೆ, ರೊಂದಿನೆಲ್ಲಾ ಎಂಬ ಸ್ಥಳೀಯ ತಳಿಗಳ ಗೊಂಚಲುಗಳನ್ನು ಶರತ್ಕಾಲದ ಮೊದಲಿಗೆ ಕೊಯ್ದು, ಗಾಳಿಯಾಡುವ ಅಟ್ಟದಲ್ಲಿ ಬಿದಿರು ಅಥವಾ ಮರದ ತಟ್ಟೆಗಳ ಮೇಲೆ ಒಂದೇ ಪದರವಾಗಿ ಹರಡುತ್ತಾರೆ. ಬಿಸಿಲಿಗೆ ಹಾಕುವುದಿಲ್ಲ, ಬೆಂಕಿ ಕಾಯಿಸುವುದಿಲ್ಲ. ಮೂರು ತಿಂಗಳ ಆಸುಪಾಸು ಹಾಗೆಯೇ ಬಿಟ್ಟರೆ ಹಣ್ಣಿನ ತೂಕದ ಮೂರನೆಯ ಒಂದು ಭಾಗದಷ್ಟು ನೀರು ಆವಿಯಾಗಿ ಹೋಗುತ್ತದೆ. ಡಿಸೆಂಬರ್ 1ಕ್ಕೆ ಮೊದಲು ಹಣ್ಣನ್ನು ಹಿಂಡಬಾರದು, ಮದ್ಯಸಾರದ ಪ್ರಮಾಣ ಶೇ. 14ಕ್ಕಿಂತ ಕಡಿಮೆ ಇರಬಾರದು ಎಂಬುದು ಅಲ್ಲಿನ ನಿಯಮ. ವಾಲ್ಪೊಲಿಚೆಲ್ಲಾ ವೈನುಗಳಿಗೆ ಸರ್ಕಾರಿ ಮಾನ್ಯತೆ ಬಂದದ್ದು 1968ರಲ್ಲಿ. ಅಮರೋನೆ ಅತ್ಯುನ್ನತ ದರ್ಜೆ ಪಡೆದದ್ದು 2010ರಲ್ಲಿ. ವಿಧಾನ ಮಾತ್ರ ಬಹಳ ಹಳೆಯದು. 6ನೆಯ ಶತಮಾನದಲ್ಲಿ ಇಟಲಿಯನ್ನಾಳಿದ ಗಾಥ್ ಅರಸರ ಅಧಿಕಾರಿ ಕ್ಯಾಸಿಯೋಡೋರಸ್, ವೆರೋನಾ ಸೀಮೆಯಲ್ಲಿ ಒಣಗಿಸಿದ ಹಣ್ಣಿನಿಂದ ಚಳಿಗಾಲದಲ್ಲಿ ತೆಗೆಯುವ ಮದಿರೆಯನ್ನು ಅರಮನೆಗೆ ತರಿಸಲು ಬರೆದ ಪತ್ರ ಉಳಿದುಬಂದಿದೆ. ಒಣ ಹಣ್ಣಿನ ರಸದಲ್ಲಿ ಸಕ್ಕರೆ ಪೂರ್ತಿ ಹುದುಗದೆ ಉಳಿದರೆ ಆ ಸಿಹಿ ವೈನ್ ‘ರೆಚೋತೊ’. ಪೂರ್ತಿ ಹುದುಗಿ ಸಿಹಿ ಕಳೆದುಕೊಂಡರೆ ‘ಅಮರೋನೆ’. ಇಟಾಲಿಯನ್ ಭಾಷೆಯಲ್ಲಿ ‘ಅಮಾರೊ’ ಎಂದರೆ ಕಹಿ.

ನೀರು ಕಳೆದರೆ ಏನಾಗುತ್ತದೆ?

ನೂರು ಕಿಲೋ ದ್ರಾಕ್ಷಿಯಲ್ಲಿ 18 ಕಿಲೋ ಸಕ್ಕರೆ ಇದೆ ಎಂದಿಟ್ಟುಕೊಳ್ಳಿ. ಅದನ್ನು ಹಾಗೆಯೇ ಹಿಂಡಿದರೆ ಪ್ರತಿ ಲೀಟರ್ ರಸದಲ್ಲಿ ಸುಮಾರು 190 ಗ್ರಾಂ ಸಕ್ಕರೆ. ಯೀಸ್ಟ್ ಎಂಬ ಏಕಕೋಶ ಜೀವಿ ಈ ಸಕ್ಕರೆಯನ್ನು ಒಡೆಯುತ್ತದೆ. 180 ಗ್ರಾಂ ಗ್ಲೂಕೋಸಿನಿಂದ 92 ಗ್ರಾಂ ಈಥೈಲ್ ಆಲ್ಕೋಹಾಲ್, 88 ಗ್ರಾಂ ಕಾರ್ಬನ್ ಡೈಆಕ್ಸೈಡ್. ಯೀಸ್ಟ್ ತನ್ನ ಬೆಳವಣಿಗೆಗೆ ಸ್ವಲ್ಪ ಉಳಿಸಿಕೊಳ್ಳುವುದರಿಂದ ವ್ಯವಹಾರದಲ್ಲಿ ಲೀಟರಿಗೆ 17 ಗ್ರಾಂ ಸಕ್ಕರೆ ಹುದುಗಿದರೆ ಶೇ. 1ರಷ್ಟು ಮದ್ಯಸಾರ ಎಂದು ಲೆಕ್ಕ ಹಿಡಿಯುತ್ತಾರೆ. ಅಂದರೆ ತಾಜಾ ಹಣ್ಣಿನ ರಸದಿಂದ ಶೇ. 11ರಷ್ಟು ದೊರೆಯುತ್ತದೆ.

ಈಗ ಅದೇ ಹಣ್ಣಿನಿಂದ 30 ಕಿಲೋ ನೀರು ಹೋಗಲಿ. ಉಳಿದ 70 ಕಿಲೋದಲ್ಲಿ ಸಕ್ಕರೆ ಅದೇ 18 ಕಿಲೋ. ಬಾಡಿದ ಹಣ್ಣೂ ಉಸಿರಾಡುತ್ತಿರುವುದರಿಂದ ಅಲ್ಪ ಸಕ್ಕರೆ ಸವೆಯುತ್ತದೆ, ಅದನ್ನು ಬಿಡೋಣ. ಸಾಂದ್ರತೆ ಶೇ. 26ರ ಹತ್ತಿರ, ಲೀಟರಿಗೆ 285 ಗ್ರಾಂ. ಮದ್ಯಸಾರ ಶೇ. 16ರ ಮೇಲೆ. ಯೀಸ್ಟಿನ ತಾಳಿಕೆಯ ಗಡಿಯೂ ಸುಮಾರು ಅಲ್ಲಿಯೇ ಇದೆ. ಆದ್ದರಿಂದಲೇ ಅಮರೋನೆ ಮತ್ತು ರೆಚೋತೊ ಒಂದೇ ಬೀಪಾಯಿಯ ಎರಡು ಮಕ್ಕಳು: ಯೀಸ್ಟ್ ಸ್ವಲ್ಪ ಮುಂದೆ ಹೋದರೆ ಮೊದಲನೆಯದು, ಸೋತರೆ ಎರಡನೆಯದು.

ನಮ್ಮ ಕರಾವಳಿಯ ಮನೆಯಲ್ಲಿ ಏನು ಮಾಡುತ್ತಾರೆ? ನೀರು ಕಳೆಯುವ ಬದಲು ಸಕ್ಕರೆ ಸೇರಿಸುತ್ತಾರೆ. ಅಳತೆ ಮನೆಯಿಂದ ಮನೆಗೆ ಬೇರೆ. ಲೆಕ್ಕಕ್ಕಾಗಿ ಒಂದು ಕಿಲೋ ಕಪ್ಪು ದ್ರಾಕ್ಷಿ, ಅರ್ಧ ಕಿಲೋ ಸಕ್ಕರೆ, ಕಾಯಿಸಿ ಆರಿಸಿದ ಅರ್ಧ ಲೀಟರ್ ನೀರು ಎಂದುಕೊಳ್ಳಿ. ಒಟ್ಟು ಒಂದೂವರೆ ಲೀಟರಿಗಿಂತ ತುಸು ಹೆಚ್ಚು ದ್ರವದಲ್ಲಿ 650 ಗ್ರಾಂ ಸಕ್ಕರೆ, ಅಂದರೆ ಲೀಟರಿಗೆ ಸುಮಾರು 420 ಗ್ರಾಂ. ಪೂರ್ತಿ ಹುದುಗಿದರೆ ಶೇ. 24 ಆಗಬೇಕಿತ್ತು. ಯೀಸ್ಟಿಗೆ ಅದು ಸಾಧ್ಯವಿಲ್ಲ. ಶೇ. 14ರ ಹತ್ತಿರ ಅದು ಕೈಚೆಲ್ಲಿತು ಎಂದುಕೊಂಡರೂ ಲೀಟರಿಗೆ 180 ಗ್ರಾಂ ಸಕ್ಕರೆ ಉಳಿಯುತ್ತದೆ. ಮನೆ ವೈನ್ ಪಾನಕದಂತೆ ಸಿಹಿಯಾಗಿರಲು ಇದೇ ಕಾರಣ. ವೆರೋನಾದವರು ಅಟ್ಟದಲ್ಲಿ ಮೂರು ತಿಂಗಳು ಕಾದು ಮುಟ್ಟುವ ಸಾಂದ್ರತೆಯನ್ನು ನಮ್ಮವರು ಅಂಗಡಿಯ ಸಕ್ಕರೆಯಿಂದ ಐದು ನಿಮಿಷದಲ್ಲಿ ದಾಟಿಬಿಡುತ್ತಾರೆ. ರುಚಿ ಒಂದೇ ಆಗುವುದಿಲ್ಲ ಎನ್ನಿ. ನೀರು ಕಳೆದಾಗ ಸಕ್ಕರೆಯ ಜೊತೆಗೆ ಬಣ್ಣ, ಒಗರು, ಪರಿಮಳದ ಪದಾರ್ಥಗಳೂ ಮಂದವಾಗುತ್ತವೆ. ಸಕ್ಕರೆ, ನೀರು ಸೇರಿಸಿದಾಗ ಅವೆಲ್ಲ ತೆಳುವಾಗುತ್ತವೆ.

ಇಷ್ಟು ಸಿಹಿಯಾದ ರಸದಲ್ಲಿ ಯೀಸ್ಟಿನ ಪಾಡು ಸುಲಭದ್ದಲ್ಲ. ಲೀಟರಿಗೆ 350 ಗ್ರಾಂ ಗ್ಲೂಕೋಸ್ ಇದ್ದರೆ ಅಭಿಸರಣ ಒತ್ತಡ 50 ವಾತಾವರಣದ ಹತ್ತಿರ ಬರುತ್ತದೆ. ಕೋಶದೊಳಗಿನ ನೀರನ್ನು ಹೊರಗೆಳೆಯುವ ಬಲ ಅದು. ಉಪ್ಪಿನಲ್ಲಿ ಹಾಕಿದ ಮಾವಿನಮಿಡಿ ಸುಕ್ಕಾಗುವುದೂ ಇದೇ ಬಲದಿಂದ. ಭರಣಿಗೆ ಒಂದು ಹಿಡಿ ಗೋಧಿ ಹಾಕುವ ರೂಢಿಗೆ ಅರ್ಥವಿದೆ. ಸಕ್ಕರೆ ನೀರಿನಲ್ಲಿ ಇಲ್ಲದ ಸಾರಜನಕದ ಪೋಷಣೆ ಗೋಧಿಯಿಂದ ಅಷ್ಟಿಷ್ಟು ಸಿಗುತ್ತದೆ.

ಶಂಕರಪುರದಲ್ಲಿ ದ್ರಾಕ್ಷಿ ಒಣಗಿಸಬಹುದೆ?

‘ಕರಾವಳಿಯ ಹವೆಯಲ್ಲಿ ತೇವ ಜಾಸ್ತಿ, ಒಣಗುವುದಿಲ್ಲ’ ಎಂದು ನೀವು ತಕ್ಷಣ ಹೇಳಬಹುದು. ಮಳೆಗಾಲದಲ್ಲಿ ಹಪ್ಪಳ ಒಣಗಿಸಲು ಪರದಾಡಿದ ಯಾರೇ ಆದರೂ ಹಾಗೆಯೇ ಹೇಳುತ್ತಾರೆ. ಆದರೆ ಲೆಕ್ಕ ಬೇರೆ ಮಾತು ಹೇಳುತ್ತದೆ.

ಒಣಗುವ ವೇಗವನ್ನು ನಿರ್ಧರಿಸುವುದು ಸಾಪೇಕ್ಷ ಆರ್ದ್ರತೆ ಒಂದೇ ಅಲ್ಲ. ಹಣ್ಣಿನ ಮೈಯಲ್ಲಿರುವ ನೀರಾವಿಯ ಒತ್ತಡಕ್ಕೂ ಸುತ್ತಲ ಗಾಳಿಯಲ್ಲಿರುವ ನೀರಾವಿಯ ಒತ್ತಡಕ್ಕೂ ಇರುವ ವ್ಯತ್ಯಾಸ ಅದನ್ನು ನಿರ್ಧರಿಸುತ್ತದೆ. ಇದನ್ನು ‘ಆವಿಯ ಕೊರತೆ’ ಎನ್ನೋಣ. ವೆರೋನಾದ ಅಟ್ಟದಲ್ಲಿ ಉಷ್ಣತೆ 12 ಡಿಗ್ರಿ ಸೆಲ್ಸಿಯಸ್, ಆರ್ದ್ರತೆ ಶೇ. 70 ಎಂದು ಇಟ್ಟುಕೊಳ್ಳಿ. 12 ಡಿಗ್ರಿಯಲ್ಲಿ ಗಾಳಿ ಹಿಡಿಯಬಲ್ಲ ಆವಿಯ ಗರಿಷ್ಠ ಒತ್ತಡ 14 ಮಿಲಿಬಾರ್. ಅದರ ಶೇ. 30 ಖಾಲಿ, ಅಂದರೆ ಕೊರತೆ 4.2 ಮಿಲಿಬಾರ್. ಈಗ ಜೂನ್ ತಿಂಗಳ ಶಂಕರಪುರ: 27 ಡಿಗ್ರಿ, ಆರ್ದ್ರತೆ ಶೇ. 90. ಗರಿಷ್ಠ ಒತ್ತಡ ಸುಮಾರು 36 ಮಿಲಿಬಾರ್, ಖಾಲಿ ಇರುವುದು ಶೇ. 10, ಕೊರತೆ 3.6. ನೋಡಿದಿರಾ? ಜಡಿಮಳೆಯ ತಿಂಗಳಲ್ಲಿಯೂ ನಮ್ಮ ಗಾಳಿಯ ಒಣಗಿಸುವ ಶಕ್ತಿ ವೆರೋನಾದ ಅಟ್ಟಕ್ಕಿಂತ ಬಹಳ ಕಡಿಮೆಯೇನಲ್ಲ! ಡಿಸೆಂಬರಿನ ಮಧ್ಯಾಹ್ನ 32 ಡಿಗ್ರಿ, ಶೇ. 55 ಇದ್ದಾಗ ಕೊರತೆ 21 ಮಿಲಿಬಾರ್. ವೆರೋನಾದ ಐದು ಪಟ್ಟು.

ಹಾಗಾದರೆ ಅಡ್ಡಿ ಏನು? ಉಷ್ಣತೆಯೇ ಅಡ್ಡಿ. ಜೀವರಾಸಾಯನಿಕ ಕ್ರಿಯೆಗಳು 10 ಡಿಗ್ರಿ ಏರಿಕೆಗೆ ಸುಮಾರು ಎರಡು ಪಟ್ಟು ವೇಗ ಪಡೆಯುತ್ತವೆ ಎಂಬ ಒರಟು ನಿಯಮವನ್ನು ಹಿಡಿದರೆ, 12ರಿಂದ 30 ಡಿಗ್ರಿಗೆ ಬಂದಾಗ ಮೂರೂವರೆ ಪಟ್ಟು. ಬೂಷ್ಟು ಬೆಳೆಯುವುದು, ಒಡೆದ ಹಣ್ಣಿನಲ್ಲಿ ಯೀಸ್ಟ್ ತಾನಾಗಿ ಕೆಲಸ ಶುರುಮಾಡುವುದು, ಅದರ ಬೆನ್ನಿಗೇ ಬ್ಯಾಕ್ಟೀರಿಯಾ ವಿನೆಗರ್ ಮಾಡುವುದು, ಎಲ್ಲವೂ ಹೆಚ್ಚುತ್ತವೆ. ಮಳೆಗಾಲದಲ್ಲಿ ನೀರು ಹೋಗುವ ವೇಗ ವೆರೋನಾದ್ದು, ಕೊಳೆಯುವ ವೇಗ ನಮ್ಮದು, ಕೊಳೆತವೇ ಗೆಲ್ಲುತ್ತದೆ. ಡಿಸೆಂಬರಿನಲ್ಲಿ ಹಗಲು ಒಣಗಿದ್ದು ರಾತ್ರಿಯ ಇಬ್ಬನಿಯಲ್ಲಿ ನಿಂತುಹೋಗುತ್ತದೆ. ವೆರೋನಾದವರಿಗೂ ಈ ಭಯ ಇಲ್ಲದಿಲ್ಲ. ಮಂಜು ಕವಿಯುವ ಕಣಿವೆಯ ತಳವನ್ನು ಬಿಟ್ಟು ಗುಡ್ಡದ ಓರೆಯಲ್ಲಿ ಅಟ್ಟ ಕಟ್ಟುವುದು, ಈಗೀಗ ಫ್ಯಾನು, ತೇವ ಹೀರುವ ಯಂತ್ರಗಳನ್ನು ಇಡುವುದು ಅದಕ್ಕಾಗಿಯೇ. ಶರತ್ಕಾಲ ಬೆಚ್ಚಗಾಗುತ್ತ ಹೋದರೆ ಅಲ್ಲಿನ ಅಟ್ಟಗಳ ಲೆಕ್ಕವೂ ನಮ್ಮ ಲೆಕ್ಕದ ಕಡೆಗೆ ಜರುಗುತ್ತದೆ.

ಕರ್ನಾಟಕದಲ್ಲಿ ದ್ರಾಕ್ಷಿ ಒಣಗಿಸುವ ನಾಡು ವಿಜಯಪುರ. ಅಲ್ಲಿ ತೇವವಿಲ್ಲದ ಬಿಸಿಗಾಳಿ ಇದೆ, ಜೊತೆಗೆ ಒಂದು ಉಪಾಯವೂ ಇದೆ. ದ್ರಾಕ್ಷಿಯ ಸಿಪ್ಪೆಯ ಮೇಲೆ ಬೆಳ್ಳಗೆ ಧೂಳಿನಂತೆ ಕಾಣುವ ಮೇಣದ ಪದರವೇ ನೀರು ಹೊರಬರದಂತೆ ತಡೆಯುವ ಗೋಡೆ. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಈಥೈಲ್ ಓಲಿಯೇಟ್ ಬೆರೆಸಿದ ದ್ರಾವಣದಲ್ಲಿ ಅದ್ದಿದರೆ ಆ ಪದರದಲ್ಲಿ ನೀರಿಗೆ ದಾರಿಯಾಗುತ್ತದೆ. ನೆರಳಿನಲ್ಲಿಯೇ ಎರಡು ವಾರ ಕಳೆಯುವಷ್ಟರಲ್ಲಿ ಒಣದ್ರಾಕ್ಷಿ ಸಿದ್ಧ. ಅಮರೋನೆಗೆ ಈ ಅವಸರ ಸಲ್ಲದು. ನಿಧಾನವಾಗಿ ಬಾಡುವ ತಿಂಗಳುಗಳಲ್ಲಿ ಹಣ್ಣಿನೊಳಗೆ ಕಿಣ್ವಗಳು ಮಾಡುವ ಬದಲಾವಣೆಗಳೇ ಅದರ ವಿಶೇಷ.

ಇದೇ ಆವಿಯ ಕೊರತೆ ಶಂಕರಪುರದ ಮಲ್ಲಿಗೆ ಬೆಳೆಗಾರರಿಗೆ ಶತ್ರು. ಮೊಗ್ಗನ್ನು ಬಿಸಿಲೇರುವ ಮೊದಲು ಕೊಯ್ಯುವುದೂ ಹೂವಿನ ಅಟ್ಟೆಯನ್ನು ಬಾಳೆಯೊಳಗೆ ಸುತ್ತಿಡುವುದೂ ಹೂವಿನ ಸುತ್ತಲಿನ ಗಾಳಿಯಲ್ಲಿ ಆ ಕೊರತೆಯನ್ನು ಸೊನ್ನೆಗೆ ತರಲು. ಮಲ್ಲಿಗೆಯ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಮನೆ ವೈನಿಗೆ ಸಾಮಾನ್ಯವಾಗಿ ಬಳಸುವುದು ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ ಕಡೆಯ ‘ಬೆಂಗಳೂರು ನೀಲಿ’ ದ್ರಾಕ್ಷಿ. ಇದು ಯೂರೋಪಿನ ವೈನ್ ದ್ರಾಕ್ಷಿಯ ಜಾತಿಯದಲ್ಲ. ಅಮೆರಿಕದ ಲಾಬ್ರುಸ್ಕಾ ಜಾತಿಯ ಸಂಬಂಧವುಳ್ಳದ್ದು. ಲಾಬ್ರುಸ್ಕಾ ದ್ರಾಕ್ಷಿಗಳ ಗಾಢ ವಾಸನೆಗೆ ಕಾರಣವಾದ ಪದಾರ್ಥಗಳಲ್ಲಿ ಮೀಥೈಲ್ ಆಂಥ್ರಾನಿಲೇಟ್ ಒಂದು. ಮಲ್ಲಿಗೆಯ ಪರಿಮಳದಲ್ಲಿಯೂ ಅದೇ ಅಣು ಇದೆ! ವೆರೋನಾ ಇರುವ ವೆನೆತೊ ಪ್ರಾಂತದ ಹಳ್ಳಿಗಳಲ್ಲಿಯೂ ಇದೇ ಬಳಗದ ‘ಇಸಬೆಲ್ಲಾ’ ದ್ರಾಕ್ಷಿಯಿಂದ ಮನೆ ಬಳಕೆಗೆ ‘ಫ್ರಾಗೊಲಿನೊ’ ಎಂಬ ವೈನ್ ಮಾಡುವ ರೂಢಿಯಿದೆ. ಅದನ್ನು ವೈನ್ ಎಂದು ಮಾರಲು ಐರೋಪ್ಯ ಒಕ್ಕೂಟದ ಕಾನೂನು ಬಿಡುವುದಿಲ್ಲ. ಇನ್ನು ಇಟಲಿಯ ಅಸಲಿ ತಳಿಯನ್ನೇ ಕನ್ನಡ ನೆಲದಲ್ಲಿ ನೋಡಬೇಕೆಂದರೆ ಕೊಪ್ಪಳ ಜಿಲ್ಲೆಗೆ ಹೋಗಬೇಕು. ಹಂಪಿಯ ಆಚೆಯ ಗುಡ್ಡಗಳಲ್ಲಿ ಕೃಸ್ಮಾ ಎಂಬ ಕುಟುಂಬದ ತೋಟದವರು ತೊಸ್ಕಾನಾ ಸೀಮೆಯ ‘ಸಾಂಜೊವೇಸೆ’ ಬೆಳೆದು ಕೆಂಪು ವೈನ್ ಮಾಡಿದ್ದಾರೆ. ಕರಾವಳಿಗೂ ಆ ಸೀಮೆಗೂ ಹಳೆಯ ನಂಟಿದೆ. 1878ರ ಕೊನೆಯಲ್ಲಿ ಮಂಗಳೂರಿಗೆ ಬಂದು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದ ಜೆಸ್ವಿಟ್ ಪಾದ್ರಿಗಳು ವೆನಿಸ್ ಪ್ರಾಂತಕ್ಕೆ ಸೇರಿದವರು.

ಕೆಂಪು ಎಲ್ಲಿಂದ, ಬಿಸಿ ಎಲ್ಲಿಂದ?

ಕಪ್ಪು ದ್ರಾಕ್ಷಿಯ ತಿರುಳನ್ನು ಹಿಂಡಿ ನೋಡಿ. ರಸಕ್ಕೆ ಹೆಚ್ಚು ಬಣ್ಣವಿಲ್ಲ. ಕೆಂಪು ಇರುವುದು ಸಿಪ್ಪೆಯಲ್ಲಿ, ಆಂಥೋಸಯನಿನ್ ಎಂಬ ವರ್ಣಕಗಳಾಗಿ. ಸಿಪ್ಪೆಯನ್ನು ನೀರಿನಲ್ಲಿ ಕಿವುಚಿ ಎರಡು ಲೋಟಕ್ಕೆ ಹಾಕಿ. ಒಂದಕ್ಕೆ ಲಿಂಬೆರಸ ಹಿಂಡಿದರೆ ಕೆಂಪು ಕಳೆಗಟ್ಟುತ್ತದೆ, ಇನ್ನೊಂದಕ್ಕೆ ಅಡುಗೆ ಸೋಡಾ ಹಾಕಿದರೆ ನೀಲಿಗೆ ತಿರುಗುತ್ತದೆ. ವೈನ್ ಆಮ್ಲೀಯವಾದ್ದರಿಂದ ಕೆಂಪು. ಹುದುಗುವಾಗ ಅನಿಲದ ಗುಳ್ಳೆಗಳು ಸಿಪ್ಪೆಯನ್ನು ಮೇಲಕ್ಕೆ ಎತ್ತಿ ದಪ್ಪ ಕೆನೆಯಂತೆ ಕೂರಿಸುತ್ತವೆ. ದಿನವೂ ಮರದ ಸೌಟಿನಿಂದ ಅದನ್ನು ಒಳಗೆ ಒತ್ತದಿದ್ದರೆ ಬಣ್ಣವೂ ಇಳಿಯದು, ಮೇಲೆ ಬೂಷ್ಟೂ ಹಿಡಿಯುತ್ತದೆ. ಬೀಜ, ಸಿಪ್ಪೆಗಳಿಂದ ಬರುವ ಟ್ಯಾನಿನ್ ಎಳೆ ಅಡಿಕೆಯ ಚೊಗರಿಗೆ ಹತ್ತಿರದ್ದು.

ಹುದುಗುವಿಕೆ ಶಾಖವನ್ನು ಹೊರಬಿಡುವ ಕ್ರಿಯೆ. 180 ಗ್ರಾಂ ಗ್ಲೂಕೋಸಿಗೆ ಸುಮಾರು 100 ಕಿಲೋಜೂಲ್. ಲೀಟರಿಗೆ 190 ಗ್ರಾಂ ಸಕ್ಕರೆಯ ರಸದಲ್ಲಿ ಅಷ್ಟೂ ಶಾಖ ಒಳಗೇ ಉಳಿದರೆ ಉಷ್ಣತೆ 25 ಡಿಗ್ರಿಗೂ ಹೆಚ್ಚು ಏರಬೇಕು. ನಮ್ಮ 30 ಡಿಗ್ರಿಯ ಹವೆಯಲ್ಲಿ ಹಾಗಾದರೆ ಯೀಸ್ಟ್ ಬೆಂದೇ ಹೋದೀತು. ಹತ್ತು ಲೀಟರಿನ ಭರಣಿಯಲ್ಲಿ ಹಾಗಾಗುವುದಿಲ್ಲ, ಏಕೆಂದರೆ ಗಾತ್ರಕ್ಕೆ ಹೋಲಿಸಿದರೆ ಅದರ ಮೈಯ ವಿಸ್ತೀರ್ಣ ಹೆಚ್ಚು, ಶಾಖ ಸೋರಿಹೋಗುತ್ತದೆ. ಸಾವಿರಾರು ಲೀಟರಿನ ಕಾರ್ಖಾನೆಯ ತೊಟ್ಟಿಗೆ ತಣ್ಣೀರಿನ ಕವಚ ಬೇಕೇ ಬೇಕು. ಸಣ್ಣ ಮನೆತನದವರಿಗೆ ಪ್ರಕೃತಿ ಕೊಟ್ಟ ರಿಯಾಯಿತಿ ಇದು. ವಾಲ್ಪೊಲಿಚೆಲ್ಲಾದ ಚಳಿಯಲ್ಲಿ ಹುದುಗು ತಿಂಗಳಿಗೂ ಮೀರಿ ಎಳೆಯುತ್ತದೆ. ಶಂಕರಪುರದಲ್ಲಿ ಅಬ್ಬರವೆಲ್ಲ ಒಂದೆರಡು ವಾರದಲ್ಲಿ ಮುಗಿದೇಹೋಗುತ್ತದೆ.

ಆಮೇಲೆ ತಿಳಿಯಾಗುವ ಕಾಲ. ಯೀಸ್ಟ್ ಕೋಶದ ತ್ರಿಜ್ಯ ಸುಮಾರು 3 ಮೈಕ್ರಾನ್. ಸ್ಟೋಕ್ಸನ ನಿಯಮ ಹಾಕಿದರೆ ಅದು ದಿನಕ್ಕೆ ಹತ್ತು ಸೆಂಟಿಮೀಟರಿನಷ್ಟು ಕೆಳಗಿಳಿಯುತ್ತದೆ. ಆದರೆ ಹತ್ತು ಪಟ್ಟು ಸಣ್ಣ ಕಣ ನೂರು ಪಟ್ಟು ನಿಧಾನ. ಮೊಟ್ಟೆಯ ಬಿಳಿ ಬೆರೆಸಿದರೆ ಅದರ ಪ್ರೋಟೀನು ಟ್ಯಾನಿನ್ನಿಗೆ ಅಂಟಿ, ಸಣ್ಣ ಕಣಗಳನ್ನೂ ಸೇರಿಸಿಕೊಂಡು ದೊಡ್ಡ ಗಡ್ಡೆಯಾಗಿ ಬೇಗ ತಳ ಸೇರುತ್ತದೆ. ಯೂರೋಪಿನ ನೆಲಮಾಳಿಗೆಗಳಲ್ಲಿಯೂ ಕರಾವಳಿಯ ಅಡುಗೆಮನೆಗಳಲ್ಲಿಯೂ ಈ ಉಪಾಯ ಒಂದೇ.

ಕಾಣದ ಅನಿಲ

ಈಗ ಆರಂಭದಲ್ಲಿ ಹೇಳಿದ ಎರಡು ಸಂಗತಿಗಳು. ಸಂತೋಷದ ಕೆಲಸದ ನಡುವೆ ಇವನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಲೀಟರಿಗೆ 190 ಗ್ರಾಂ ಸಕ್ಕರೆ ಹುದುಗಿದರೆ 93 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಇದರ ಗಾತ್ರ 50 ಲೀಟರಿಗೂ ಹೆಚ್ಚು! ಹತ್ತು ಲೀಟರಿನ ಭರಣಿ ಐನೂರು ಲೀಟರ್ ಅನಿಲ ಕಾರುತ್ತದೆ. ಕಿಟಕಿಯಿರುವ ಕೋಣೆಯಲ್ಲಿ ವಾರಗಟ್ಟಲೆ ಹರಡಿ ಬರುವುದರಿಂದ ಅಪಾಯವಿಲ್ಲ. ಆದರೆ ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ. ತಗ್ಗಿನಲ್ಲಿ ನೀರಿನಂತೆ ನಿಲ್ಲುತ್ತದೆ. ವೈನ್ ನಾಡುಗಳ ನೆಲಮಾಳಿಗೆಗಳಲ್ಲಿ, ತೊಟ್ಟಿ ತೊಳೆಯಲು ಇಳಿದವರು ಇದರಿಂದ ಸತ್ತಿದ್ದಾರೆ. ರಕ್ಷಿಸಲು ಬೆನ್ನಿಗೇ ಇಳಿದವರೂ ಸತ್ತಿದ್ದಾರೆ. ನಮ್ಮ ಹಾಳುಬಾವಿಗಳಲ್ಲಿ ನಡೆಯುವ ದುರಂತಗಳೂ ಇದೇ ಬಗೆಯವು. ಬಾವಿಗೆ ದೀಪ ಇಳಿಸಿ, ಉರಿಯುತ್ತಿದ್ದರೆ ಇಳಿಯಬಹುದು ಎನ್ನುವ ರೂಢಿ ನಿಮಗೆ ಗೊತ್ತಿದೆ. ದೀಪ ಆರಿದರೆ ಇಳಿಯಬೇಡಿ ಎಂಬುದು ಸರಿ. ಉರಿದರೆ ಇಳಿಯಿರಿ ಎಂಬುದು ತಪ್ಪು. ಶೇ. 10ರಷ್ಟು ಕಾರ್ಬನ್ ಡೈಆಕ್ಸೈಡ್ ಬೆರೆತ ಗಾಳಿಯಲ್ಲಿ ಆಮ್ಲಜನಕ ಇನ್ನೂ ಶೇ. 19ರ ಹತ್ತಿರ ಇರುತ್ತದೆ, ದೀಪ ಉರಿಯುತ್ತಲೇ ಇರಬಹುದು. ಆ ಗಾಳಿಯನ್ನು ಉಸಿರಾಡಿದ ಮನುಷ್ಯ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತಾನೆ. ಈ ಅನಿಲ ಆಮ್ಲಜನಕದ ಜಾಗ ಹಿಡಿಯುವುದಷ್ಟೇ ಅಲ್ಲ, ತಾನೇ ವಿಷ.

ಎರಡನೆಯದು ಬಾಟಲಿ. ಹುದುಗು ನಿಂತಿತೆಂದು ತಿಳಿದು ಬಿಗಿಯಾಗಿ ಬಿರಡೆ ಹಾಕಿದ ಮೇಲೆ ಲೀಟರಿಗೆ ಕೇವಲ 20 ಗ್ರಾಂ ಸಕ್ಕರೆ, ಅಂದರೆ ನಾಲ್ಕು ಟೀ ಚಮಚದಷ್ಟು, ಮತ್ತೆ ಹುದುಗಿತು ಎನ್ನಿ. ಹುಟ್ಟುವ ಅನಿಲ ಸುಮಾರು 10 ಗ್ರಾಂ. 10 ಡಿಗ್ರಿಯ ನೆಲಮಾಳಿಗೆಯಲ್ಲಿ ಅದು 5 ವಾತಾವರಣದ ಒತ್ತಡ ಕೊಟ್ಟರೆ, ಬಿಸಿಯಾದಷ್ಟೂ ಅನಿಲ ದ್ರವದಲ್ಲಿ ಕರಗುವುದು ಕಡಿಮೆಯಾದ್ದರಿಂದ 30 ಡಿಗ್ರಿಯ ನಮ್ಮ ಅಡುಗೆಮನೆಯಲ್ಲಿ 8ರ ಆಸುಪಾಸು. ಕಾರಿನ ಟಯರಿನ ಮೂರು ನಾಲ್ಕು ಪಟ್ಟು. ಶಾಂಪೇನಿನ ದಪ್ಪ ಬಾಟಲಿ ಇಂಥದ್ದಕ್ಕೆಂದೇ ಮಾಡಿದ್ದು. ಹಳೆಯ ಶರಬತ್ತಿನ ಬಾಟಲಿ ಹಾಗಲ್ಲ. ಒಡೆದರೆ ಗಾಜಿನ ಚೂರು ಕಣ್ಣಿಗೇ ಬರುತ್ತದೆ. ಈ ಲೆಕ್ಕ ವೈನಿಗೆ ಮಾತ್ರವಲ್ಲ, ಮನೆಯಲ್ಲಿ ಹುದುಗಿಸುವ ಯಾವುದೇ ಹಣ್ಣಿನ ರಸಕ್ಕೂ ಅನ್ವಯ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 1965ರ ಕರ್ನಾಟಕ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಆದ್ದರಿಂದ ಇದನ್ನು ಪಾಕವಿಧಾನವೆಂದು ಓದಬೇಡಿ. ಕೆಂಪು ವೈನ್ ಹೃದಯಕ್ಕೆ ಔಷಧ ಎಂಬ ಜನಪ್ರಿಯ ಮಾತನ್ನು ನಾನು ಒಪ್ಪುವುದಿಲ್ಲ. ಮದ್ಯಸಾರದ ಸುರಕ್ಷಿತ ಪ್ರಮಾಣ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿಯೇ ಹೇಳಿದೆ.

ಹುದುಗು ಮುಗಿಯಿತೆ ಎಂದು ತಿಳಿಯಲು ಗುಳ್ಳೆಯ ಸದ್ದು ಸಾಲದು. ಪ್ರಯೋಗಶಾಲೆಯ ಸಾಮಾನ್ಯ ಹೈಡ್ರೋಮೀಟರ್ ತೇಲಿಬಿಟ್ಟರೆ ಮೊದಲ ದಿನ ಲೀಟರಿಗೆ 190 ಗ್ರಾಂ ಸಕ್ಕರೆಯ ರಸ 1.07ರ ಮೇಲೆ ತೋರಿಸುತ್ತದೆ. ಮದ್ಯಸಾರ ನೀರಿಗಿಂತ ಹಗುರ. ಸಕ್ಕರೆ ಪೂರ್ತಿ ತೀರಿದ ಅಮರೋನೆಯಂಥ ಒಣ ವೈನ್ 1ಕ್ಕೆ ತೀರಾ ಹತ್ತಿರ, ಹಲವು ಸಲ ಅದಕ್ಕೂ ಕೆಳಗೆ, ಇಳಿಯುತ್ತದೆ. ಮನೆಯ ಸಿಹಿ ವೈನ್ ಎಂದೂ ಅಲ್ಲಿಗೆ ಇಳಿಯುವುದಿಲ್ಲ. ಅಲ್ಲಿ ನೋಡಬೇಕಾದ್ದು ಓದು ವಾರಗಟ್ಟಲೆ ಅಲುಗದೆ ನಿಂತಿದೆಯೇ ಎಂಬುದನ್ನು. ನಿಂತರೂ ಯೀಸ್ಟ್ ಸತ್ತಿದೆ ಎಂದೇನಲ್ಲ, ಸಕ್ಕರೆಯೂ ಅಲ್ಲೇ ಇದೆ. ಯಾರಾದರೂ ತೆಳುವಾಗಲೆಂದು ನೀರು ಬೆರೆಸಿದರೆ ಮದ್ಯಸಾರದ ಪ್ರಮಾಣ ಇಳಿದು ಅದು ಮತ್ತೆ ಏಳುತ್ತದೆ. ಅಂಥ ಬಾಟಲಿಯನ್ನು ಬಿಗಿ ಮುಚ್ಚಳವಿಲ್ಲದೆ ಫ್ರಿಜ್ಜಿನಲ್ಲಿಡುವುದು ಕ್ಷೇಮ.